‘ಮಾತ್ರೆ ನಾಟ್ತಾನೇ ಇಲ್ಲ ಡಾಕ್ಟ್ರೇ’: ಬುಪ್ರೆನಾರ್ಫಿನ್ ತೆಗೆದುಕೊಳ್ಳುವವರ ದೂರುಗಳನ್ನು ಕೇಳಿಸಿಕೊಳ್ಳುವುದು ಹೇಗೆ

ಹೆರಾಯಿನ್, ಅಫೀಮು, ಕೆಲವು ನೋವಿನ ಮಾತ್ರೆಗಳಂಥ ಓಪಿಯಾಯ್ಡ್‌ಗಳ ಚಟ ಬಿಡಿಸಲು ಕೊಡುವ, ನಾಲಿಗೆಯಡಿ ಇಟ್ಟು ಕರಗಿಸುವ ಮಾತ್ರೆ ಬುಪ್ರೆನಾರ್ಫಿನ್. ಇದನ್ನು ಶುರುಮಾಡಿದವರು ಮೊದಲ ತಿಂಗಳಲ್ಲಿ ಹೇಳಿಕೊಳ್ಳುವ ದೂರುಗಳು ಬಹಳವೇನಿಲ್ಲ. ‘ಮಾತ್ರೆ ತಗೊಂಡ ಮೇಲೇ ಜಾಸ್ತಿ ಆಯ್ತು’, ‘ನಾಟ್ತಾನೇ ಇಲ್ಲ’, ‘ಸಂಜೆ ಹೊತ್ತಿಗೆ ಮತ್ತೆ ಮೈಕೈ ಎಳೆಯೋಕೆ ಶುರು’, ‘ಮನೇಲಿ ಇದೂ ಒಂದು ಚಟಾನೇ ಅಂತಾರೆ’. ಒಂದೊಂದಕ್ಕೂ ಪತ್ತೆಹಚ್ಚಬಹುದಾದ ಕಾರಣವಿದೆ. ಹೆಚ್ಚಿನವಕ್ಕೆ ಒಂದೆರಡು ದಿನಗಳಲ್ಲೇ ಪರಿಹಾರವೂ ಉಂಟು. ಆದರೂ ಜನ ಚಿಕಿತ್ಸೆ ಬಿಟ್ಟುಹೋಗುವುದು ಇವೇ ದೂರುಗಳಿಂದ. ಚಟ ಇದ್ದವನ ಮಾತು ಎಂದರೆ ನೆಪ ಎಂದೇ ತಿಳಿಯುವ ಅಭ್ಯಾಸ ಮನೆಯವರಲ್ಲಿ ಮಾತ್ರವಲ್ಲ, ವೈದ್ಯರಲ್ಲೂ ಇದೆ. ಈ ಚಿಕಿತ್ಸೆಯಲ್ಲಿ ಡೋಸ್ ಸರಿಯಾಗಿದೆಯೇ ಎಂದು ಹೇಳುವ ರಕ್ತಪರೀಕ್ಷೆ ದಿನನಿತ್ಯದ ಬಳಕೆಯಲ್ಲಿಲ್ಲ. ರೋಗಿಯ ಮಾತೇ ಅಳತೆಗೋಲು.

2018ರಲ್ಲಿ ನಡೆದು 2019ರಲ್ಲಿ ಪ್ರಕಟವಾದ, ಮಾದಕ ವಸ್ತು ಬಳಕೆಯ ರಾಷ್ಟ್ರೀಯ ಸಮೀಕ್ಷೆಯ ಪ್ರಕಾರ ದೇಶದಲ್ಲಿ ಸುಮಾರು 2.26 ಕೋಟಿ ಜನ ಯಾವುದಾದರೊಂದು ಓಪಿಯಾಯ್ಡ್ ಬಳಸುತ್ತಾರೆ. ಹೆರಾಯಿನ್ ಬಳಸುವವರು ಜನಸಂಖ್ಯೆಯ ಶೇ 1.14, ಔಷಧಿ ರೂಪದ ಓಪಿಯಾಯ್ಡ್ ಬಳಸುವವರು ಶೇ 0.96, ಅಫೀಮು ಬಳಸುವವರು ಶೇ 0.52. ಕರ್ನಾಟಕದ ನಗರಗಳಲ್ಲಿ ಚಿಕಿತ್ಸೆಗೆ ಬರುವ ಹುಡುಗರಲ್ಲಿ ಟಪೆಂಟಡಾಲ್, ಟ್ರಮಡಾಲ್‌ನಂಥ ನೋವಿನ ಮಾತ್ರೆಗಳಿಂದ ಶುರುವಾದವರು ಕಾಣಿಸುತ್ತಲೇ ಇರುತ್ತಾರೆ. ಕೆಲವರು ಮಾತ್ರೆ ಪುಡಿಮಾಡಿ, ನೀರಲ್ಲಿ ಕರಗಿಸಿ ನರಕ್ಕೆ ಚುಚ್ಚಿಕೊಳ್ಳುತ್ತಾರೆ. ಮೆಡಿಕಲ್ ಶಾಪಿನ ಮಾತ್ರೆ ತಾನೆ, ಹೆರಾಯಿನ್‌ನಷ್ಟು ಅಪಾಯವಿಲ್ಲ ಎಂಬ ನಂಬಿಕೆ ಇವರದು. ದೇಹಕ್ಕೆ ಆ ವ್ಯತ್ಯಾಸ ತಿಳಿಯದು. ಮಾತ್ರೆ ಗಟ್ಟಿಯಾಗಲು ಬೆರೆಸುವ ಪುಡಿ ರಕ್ತನಾಳ ಸೇರಿದರೆ ಆಗುವ ಹಾನಿ ಬೇರೆಯೇ.

ಮಿದುಳಿನ ಯಾವ ಗ್ರಾಹಕಗಳ (ಔಷಧ ಬಂದು ಕೂರುವ ತಾಣಗಳ) ಮೇಲೆ ಹೆರಾಯಿನ್ ಕೆಲಸ ಮಾಡುತ್ತದೋ ಬುಪ್ರೆನಾರ್ಫಿನ್ ಕೂಡ ಅಲ್ಲೇ ಕೂರುತ್ತದೆ, ಹೆಚ್ಚು ಬಿಗಿಯಾಗಿ ಕೂರುತ್ತದೆ, ಆದರೆ ಅರೆಬರೆಯಾಗಿ ಮಾತ್ರ ಚಾಲೂ ಮಾಡುತ್ತದೆ. ಒಂದು ಹಂತದ ಮೇಲೆ ಡೋಸ್ ಏರಿಸಿದರೂ ಉಸಿರಾಟದ ಮೇಲಿನ ಪರಿಣಾಮ ಅದೇ ಲೆಕ್ಕದಲ್ಲಿ ಏರುವುದಿಲ್ಲ. ಇದರ ಸುರಕ್ಷತೆಯ ಗುಟ್ಟು ಅದು. ಮೊದಲ ದಿನದ ಎಡವಟ್ಟಿನ ಮೂಲವೂ ಇದೇ ಗುಣ.

ರಕ್ತದಲ್ಲಿ ಹೆರಾಯಿನ್ ಅಥವಾ ಟಪೆಂಟಡಾಲ್ ಇನ್ನೂ ಇರುವಾಗಲೇ ಮಾತ್ರೆ ಇಟ್ಟರೆ ಬುಪ್ರೆನಾರ್ಫಿನ್ ಅದನ್ನು ಗ್ರಾಹಕದಿಂದ ತಳ್ಳಿ ತಾನು ಕೂರುತ್ತದೆ. ಪೂರ್ಣ ಪರಿಣಾಮ ಏಕಾಏಕಿ ಅರ್ಧಕ್ಕಿಳಿದಂತಾಗಿ 30ರಿಂದ 90 ನಿಮಿಷದೊಳಗೆ ವಾಂತಿ, ಭೇದಿ, ನಡುಕ, ತಡೆಯಲಾಗದ ಚಡಪಡಿಕೆ ಬರುತ್ತದೆ. ಪದಾರ್ಥ ಸಿಗದಾಗ ಮೈ ಪಡುವ ಇಂಥ ಸಂಕಟಕ್ಕೆ ಹಿಂತೆಗೆತ (ವಿತ್‌ಡ್ರಾವಲ್) ಎನ್ನುತ್ತಾರೆ. ‘ಮಾತ್ರೆ ತಗೊಂಡ ಮೇಲೇ ಜಾಸ್ತಿ ಆಯ್ತು’ ಎಂದರೆ ಇದು. ಇದನ್ನು ಒಮ್ಮೆ ಅನುಭವಿಸಿದವನು ಆ ಮಾತ್ರೆ ತನಗೆ ಅಲರ್ಜಿ ಎಂದು ತೀರ್ಮಾನಿಸಿ ಎರಡು ವರ್ಷ ಆಸ್ಪತ್ರೆ ಕಡೆ ತಲೆಹಾಕದೇ ಇರಬಹುದು.

ತಪ್ಪಿಸುವ ದಾರಿ ಗಡಿಯಾರಕ್ಕಿಂತ ಹೆಚ್ಚಾಗಿ ಮೈಯನ್ನು ನೋಡುವುದು. ಹೆರಾಯಿನ್, ಕೊಡೀನ್ ಸಿರಪ್, ಟಪೆಂಟಡಾಲ್‌ನಂಥ ಬೇಗ ಇಳಿಯುವ ಪದಾರ್ಥಗಳಾದರೆ ಕೊನೆಯ ಬಳಕೆಯಿಂದ 12ರಿಂದ 24 ಗಂಟೆ, ನಿಧಾನವಾಗಿ ಇಳಿಯುವ ಮೆಥಡೋನ್ ಆದರೆ 24ರಿಂದ 48 ಗಂಟೆ, ಕೆಲವೊಮ್ಮೆ ಅದಕ್ಕೂ ಹೆಚ್ಚು ಕಾಯಬೇಕು. ಇಷ್ಟಾದರೂ ಮೈಯಲ್ಲಿ ಹಿಂತೆಗೆತದ ಲಕ್ಷಣ ಕಾಣದೆ ಶುರುಮಾಡಬಾರದು: ಅಗಲವಾದ ಕಣ್ಣಿನ ಪಾಪೆ, ಮೂಗು ಕಣ್ಣಲ್ಲಿ ನೀರು, ಬಿಡದ ಆಕಳಿಕೆ, ತೋಳಿನ ಮೇಲೆ ಎದ್ದ ರೋಮ, ಮೂಳೆ ನೋವು. ಇದಕ್ಕೆ 11 ಅಂಶಗಳ ‘ಕೌಸ್’ ಎಂಬ ಅಳತೆಪಟ್ಟಿ ಇದೆ. ಅಂಕ ಕನಿಷ್ಠ 8, ಸಾಧ್ಯವಾದರೆ 12 ದಾಟಿದ ಮೇಲೆ 2 ಮಿಲಿಗ್ರಾಂ ಕೊಟ್ಟು, ಎರಡು ಗಂಟೆ ಬಿಟ್ಟು ನೋಡಿ, ಬೇಕಾದರೆ ಮತ್ತೆ 2 ಕೊಟ್ಟು, ಮೊದಲ ದಿನ ಒಟ್ಟು 8 ಮಿಲಿಗ್ರಾಂವರೆಗೆ ಹೋಗುವುದು ವಾಡಿಕೆ. ರೋಗಿ ಕೊನೆಯ ಬಾರಿ ಬಳಸಿದ ಸಮಯವನ್ನು ಸುಳ್ಳು ಹೇಳುವುದು ಬೈಗುಳಕ್ಕೆ ಹೆದರಿ. ‘ಬೆಳಿಗ್ಗೆ ತಗೊಂಡಿದ್ರೆ ಹೇಳಿ, ವಾಪಸ್ ಕಳಿಸಲ್ಲ, ಸಂಜೆ ಶುರು ಮಾಡೋಣ’ ಎಂದು ಮೊದಲೇ ಹೇಳಿದರೆ ಸುಳ್ಳು ಹೇಳುವ ಪ್ರಮೇಯವೇ ಬರುವುದಿಲ್ಲ. ಅಕಸ್ಮಾತ್ ಈ ಹಠಾತ್ ಹಿಂತೆಗೆತ ಆಗಿಯೇಬಿಟ್ಟರೆ ಚಿಕಿತ್ಸೆ ನಿಲ್ಲಿಸುವುದು ತಪ್ಪು. ಆಸ್ಪತ್ರೆಯಲ್ಲೇ ಒಂದೆರಡು ಗಂಟೆಗೊಮ್ಮೆ ಇನ್ನಷ್ಟು ಬುಪ್ರೆನಾರ್ಫಿನ್ ಕೊಡುತ್ತ, ಬಿಪಿ ನೋಡಿಕೊಂಡು, ಬೆವರು ಚಡಪಡಿಕೆ ತಗ್ಗಿಸುವ ಕ್ಲೋನಿಡಿನ್ ಸೇರಿಸಿದರೆ ಸಾಮಾನ್ಯವಾಗಿ ಅದೇ ದಿನ ಹತೋಟಿಗೆ ಬರುತ್ತದೆ.

‘ನಾಟ್ತಾನೇ ಇಲ್ಲ’ ಎಂದವರನ್ನು ಮೊದಲು ಕೇಳಬೇಕಾದ್ದು ಡೋಸ್ ಎಷ್ಟು ಎಂದಲ್ಲ, ಹೇಗೆ ಇಟ್ಟುಕೊಂಡಿರಿ ಎಂದು. ನುಂಗಿದರೆ ಈ ಔಷಧದ ಬಹುಪಾಲು ಯಕೃತ್ತಿನಲ್ಲೇ ನಾಶವಾಗುತ್ತದೆ. ನಾಲಿಗೆಯಡಿ ಸರಿಯಾಗಿ ಕರಗಿದರೂ ಮೂರನೇ ಒಂದು ಭಾಗದಷ್ಟೇ ರಕ್ತ ಸೇರುವುದು. ಬಾಯಿ ಒಣಗಿದ್ದರೆ ಮೊದಲು ಎರಡು ಗುಟುಕು ನೀರು ಕುಡಿಯಬೇಕು. ಮಾತ್ರೆಯನ್ನು ನಾಲಿಗೆಯ ಅಡಿಗೆ, ಪಕ್ಕಕ್ಕೆ ಇಟ್ಟು ತಲೆ ಸ್ವಲ್ಪ ಮುಂದಕ್ಕೆ ಬಾಗಿಸಿ 5ರಿಂದ 10 ನಿಮಿಷ ಮಾತಾಡದೆ, ಜೊಲ್ಲು ನುಂಗದೆ ಕೂರಬೇಕು. ಅಷ್ಟು ಹೊತ್ತು ಫೋನ್ ಕೂಡ ಎತ್ತಬಾರದು. ಗುಟ್ಕಾ, ಹೊಗೆಸೊಪ್ಪು, ಸಿಗರೇಟು ಮಾತ್ರೆಗೆ ಮುಂಚೆ ಬೇಡ. ನಮ್ಮ ಕಡೆ ಅಡಿಕೆ ಹಾಕುವವರ ಬಾಯೊಳಗಿನ ಚರ್ಮ ಗಡಸಾಗಿರುತ್ತದೆ. ಅಂಥವರನ್ನು ಬಾಯಿ ತೆರೆಸಿ ನೋಡದೆ ಡೋಸ್ ಏರಿಸುತ್ತ ಹೋಗುವುದು ಸರಿಯಲ್ಲ. ಕರಗಿದ ಮೇಲೆ ನೀರು ಮುಕ್ಕಳಿಸಿ ನುಂಗಬೇಕು, ಒಂದು ಗಂಟೆ ಬಿಟ್ಟು ಹಲ್ಲುಜ್ಜಬೇಕು. ಬಾಯಲ್ಲಿ ಕರಗುವ ಬುಪ್ರೆನಾರ್ಫಿನ್‌ನಿಂದ ಹಲ್ಲು ಹುಳುಕಾಗುವ ಬಗ್ಗೆ ಅಮೆರಿಕದ ಔಷಧ ನಿಯಂತ್ರಕರು 2022ರ ಜನವರಿಯಲ್ಲಿ ಎಚ್ಚರಿಕೆ ಕೊಟ್ಟಿದ್ದಾರೆ.

ಇಡುವ ಕ್ರಮ ಸರಿಯಿದ್ದೂ ಸಂಜೆಗೆ ಮೈಕೈ ಎಳೆಯುತ್ತದೆಯೇ? ಹಾಗಾದರೆ ಡೋಸ್ ಸಾಲದು. 2 ಮಿಲಿಗ್ರಾಂ ಕೊಟ್ಟಾಗ ಮಿದುಳಿನ ಗ್ರಾಹಕಗಳಲ್ಲಿ ಸುಮಾರು ಶೇ 40 ಭರ್ತಿಯಾಗುತ್ತವೆ, 16 ಮಿಲಿಗ್ರಾಂ ಕೊಟ್ಟಾಗ ಸುಮಾರು ಶೇ 80. ಹಿಂತೆಗೆತದ ಲಕ್ಷಣ ಅಡಗಲು ಅರ್ಧಕ್ಕಿಂತ ಹೆಚ್ಚು ಭರ್ತಿಯಾಗಬೇಕು. ಮೇಲೊಂದು ಚುಚ್ಚಿಕೊಂಡರೂ ಕಿಕ್ ಸಿಗದಂತೆ ಮಾಡಲು ಇನ್ನೂ ಹೆಚ್ಚು ಬೇಕು. 2 ಮಿಲಿಗ್ರಾಂನಲ್ಲಿ ನಿಲ್ಲಿಸಿ, ಆಸೆ ಇನ್ನೂ ಹೋಗಿಲ್ಲ, ಇವನಿಗೆ ಮನಸ್ಸಿಲ್ಲ ಎಂದು ಬರೆಯುವುದು ನನ್ನ ದೃಷ್ಟಿಯಲ್ಲಿ ಅನ್ಯಾಯ. ಹೊರದೇಶಗಳಲ್ಲಿ 8ರಿಂದ 16 ಮಿಲಿಗ್ರಾಂ ಸಾಮಾನ್ಯ, ನಮ್ಮಲ್ಲಿ ಬಹಳ ಜನಕ್ಕೆ 4ರಿಂದ 8 ಸಾಕಾಗುತ್ತದೆ. ಸಾಕಾಗದವರಿಗೆ ಏರಿಸಬೇಕು. ಸರಿಯಾದ ಡೋಸ್‌ನ ಗುರುತು ಸರಳ: ಬೆಳಿಗ್ಗೆ ಮಾತ್ರೆಗೆ ಮುಂಚೆಯೂ ಮೈ ಸರಿಯಿರಬೇಕು, ಮಾತ್ರೆ ಆದ ಮೇಲೆ ತೂಕಡಿಕೆ ಬರಬಾರದು.

ಟ್ರಮಡಾಲ್ ಬಿಟ್ಟವರ ದೂರಿಗೆ ಬೇರೆ ಕಿವಿ ಬೇಕು. ‘ಮೈನೋವು ಹೋಯ್ತು, ಎದೆ ಡವಡವ ಹೋಗ್ಲಿಲ್ಲ, ಮೈಯೆಲ್ಲ ಜುಮ್ ಅನ್ನುತ್ತೆ’ ಎನ್ನುತ್ತಾರೆ. ಟ್ರಮಡಾಲ್ ಓಪಿಯಾಯ್ಡ್ ಕೆಲಸದ ಜತೆಗೆ ಮಿದುಳಿನಲ್ಲಿ ಮನಸ್ಥಿತಿಗೆ ಸಂಬಂಧಿಸಿದ ಸೆರೊಟೋನಿನ್ ಎಂಬ ರಾಸಾಯನಿಕದ ಮೇಲೂ ಕೆಲಸ ಮಾಡುತ್ತದೆ. ಬುಪ್ರೆನಾರ್ಫಿನ್ ಮೊದಲ ಅರ್ಧವನ್ನಷ್ಟೇ ತುಂಬುತ್ತದೆ. ಉಳಿದ ಗಾಬರಿಗೆ ಪ್ರತ್ಯೇಕ ಚಿಕಿತ್ಸೆ ಬೇಕು. ಬುಪ್ರೆನಾರ್ಫಿನ್ ಅನ್ನೇ ಸುಮ್ಮನೆ ಏರಿಸಿದರೆ ಅದು ಹೋಗುವುದಿಲ್ಲ.

ಮೂತ್ರಪರೀಕ್ಷೆಯ ಗೊಂದಲವನ್ನೂ ಹೇಳಿಬಿಡಬೇಕು. ಸಾಮಾನ್ಯ ಕಿಟ್ ಮಾರ್ಫಿನ್ ಜಾತಿಯನ್ನು ಹಿಡಿಯುತ್ತದೆ, ಟಪೆಂಟಡಾಲ್ ಟ್ರಮಡಾಲ್‌ಗಳನ್ನು ಹಿಡಿಯುವುದಿಲ್ಲ. ಬುಪ್ರೆನಾರ್ಫಿನ್‌ಗೆ ಅದರದೇ ಪಟ್ಟಿ ಬೇಕು. ‘ಟೆಸ್ಟಲ್ಲಿ ಏನೂ ಬಂದಿಲ್ಲ’ ಎಂದು ಮನೆಯವರು ನಿಶ್ಚಿಂತರಾಗುವುದೂ ತಪ್ಪು, ಮಾತ್ರೆ ತಗೊಂಡೇ ಇಲ್ಲ ಎಂದು ರೋಗಿಯ ಮೇಲೆ ಹರಿಹಾಯುವುದೂ ತಪ್ಪು.

ಅಡ್ಡಪರಿಣಾಮಗಳಲ್ಲಿ ಜನ ಬಾಯಿಬಿಟ್ಟು ಹೇಳದ್ದು ಮಲಬದ್ಧತೆ. ಬಾಳೆಹಣ್ಣು ತಿನ್ನಿ, ನೀರು ಕುಡಿಯಿರಿ ಎಂದರೆ ಸಾಲದು. ಓಪಿಯಾಯ್ಡ್ ಕರುಳಿನ ಚಲನೆಯನ್ನೇ ನಿಧಾನಿಸುವುದರಿಂದ ಹೆಚ್ಚಿನವರಿಗೆ ಲ್ಯಾಕ್ಟುಲೋಸ್ ಅಥವಾ ಬೈಸಾಕೋಡಿಲ್‌ನಂಥ ಮಲ ಸಡಿಲಿಸುವ ಔಷಧ ಬೇಕಾಗುತ್ತದೆ. ಬೆವರು, ತಲೆನೋವು ಕೆಲವು ವಾರಗಳಲ್ಲಿ ಕಡಿಮೆಯಾಗುತ್ತವೆ. ನಿದ್ದೆ ಸರಿಹೋಗಲು ತಿಂಗಳುಗಳೇ ಬೇಕಾಗಬಹುದು. ಹೆಣ್ಣುಮಕ್ಕಳಿಗೆ ಮೊದಲೇ ಹೇಳಬೇಕಾದ ಮಾತೊಂದಿದೆ. ಬಳಕೆಯ ದಿನಗಳಲ್ಲಿ ನಿಂತಿದ್ದ ಮುಟ್ಟು ಚಿಕಿತ್ಸೆಯಲ್ಲಿ ಮರಳಿ ಬರುತ್ತದೆ, ಗರ್ಭ ನಿಲ್ಲುವ ಸಾಧ್ಯತೆಯೂ ಮರಳುತ್ತದೆ. ಗರ್ಭಿಣಿಯಾದರೆ ಮಾತ್ರೆ ಏಕಾಏಕಿ ನಿಲ್ಲಿಸಬಾರದು. ಮಗುವಿಗೆ ಹುಟ್ಟಿದ ಮೇಲೆ ಕೆಲವು ದಿನ ನಿಗಾ ಬೇಕಾಗುತ್ತದೆ, ಅದು ಚಿಕಿತ್ಸೆಯಿಂದ ಗುಣವಾಗುವಂಥದ್ದು. ತಾಯಿ ಹಾಲೂಡಿಸಬಹುದು.

ಬುಪ್ರೆನಾರ್ಫಿನ್ ಒಂದರಿಂದಲೇ ದೊಡ್ಡವರು ಸಾಯುವುದು ಅಪರೂಪ. ಆಲ್ಪ್ರಜೋಲಾಂ, ನೈಟ್ರಜೆಪಾಂನಂಥ ಗಾಬರಿ-ನಿದ್ದೆಯ ಮಾತ್ರೆ, ಮದ್ಯ, ನರದ ನೋವಿಗೆ ಕೊಡುವ ಪ್ರಿಗ್ಯಾಬಾಲಿನ್ ಹೆಚ್ಚು ಪ್ರಮಾಣದಲ್ಲಿ ಜತೆ ಸೇರಿದಾಗ ಉಸಿರು ನಿಲ್ಲುವ ಅಪಾಯವಿದೆ. ಟಿಬಿ ಇರುವವರಿಗೆ ರಿಫಾಂಪಿಸಿನ್ ಶುರುವಾದರೆ ಅದು ಬುಪ್ರೆನಾರ್ಫಿನ್ ಅನ್ನು ಯಕೃತ್ತಿನಲ್ಲಿ ಬೇಗ ಕರಗಿಸುತ್ತದೆ. ಎರಡು ವಾರದಲ್ಲಿ ‘ಮಾತ್ರೆ ನಾಟ್ತಿಲ್ಲ’ ಎಂಬ ದೂರು ಮತ್ತೆ ಬಂದರೆ ಅನುಮಾನ ಬೇಡ, ಡೋಸ್ ಹೊಂದಿಸಬೇಕು. ಟಿಬಿ ಕೋರ್ಸ್ ಮುಗಿದ ಮೇಲೆ ಮತ್ತೆ ಇಳಿಸುವುದನ್ನೂ ಮರೆಯಬಾರದು. ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಮಾತ್ರೆ ಬೀಗದ ಬೀರುವಿನಲ್ಲಿರಲಿ, ಫ್ರಿಜ್ ಮೇಲೆ ಬೇಡ. ಒಂದೇ ಒಂದು 2 ಮಿಲಿಗ್ರಾಂ ಮಾತ್ರೆ ಎರಡು ವರ್ಷದ ಮಗುವಿನ ಪ್ರಾಣಕ್ಕೆ ಕುತ್ತಾಗಬಹುದು.

ಈ ಮಾತ್ರೆ ಊರಿನ ಮೆಡಿಕಲ್ ಶಾಪಿನಲ್ಲಿ ಸಿಗುವುದಿಲ್ಲ, ವ್ಯಸನ ಚಿಕಿತ್ಸಾ ಕೇಂದ್ರಗಳಲ್ಲೇ ಪಡೆಯಬೇಕು. ಮನೆಗೆ ಕೊಡುವುದು ಸಾಮಾನ್ಯವಾಗಿ, ಓಪಿಯಾಯ್ಡ್‌ನ ಪರಿಣಾಮವನ್ನು ತಡೆಯುವ ನಾಲೊಕ್ಸೋನ್ ಸೇರಿದ ಮಾತ್ರೆ: 2 ಮಿಲಿಗ್ರಾಂ ಬುಪ್ರೆನಾರ್ಫಿನ್‌ಗೆ ಅರ್ಧ ಮಿಲಿಗ್ರಾಂ ನಾಲೊಕ್ಸೋನ್. ನಾಲಿಗೆಯಡಿ ಇಟ್ಟಾಗ ನಾಲೊಕ್ಸೋನ್ ರಕ್ತಕ್ಕೆ ಸೇರುವುದು ತೀರಾ ಕಡಿಮೆ. ಹೆರಾಯಿನ್‌ನಂಥದ್ದು ಮೈಯಲ್ಲಿರುವಾಗ ಇದನ್ನು ಕರಗಿಸಿ ಚುಚ್ಚಿಕೊಂಡರೆ ಅದು ಹಿಂತೆಗೆತ ತರುತ್ತದೆ. ದಿನಾ ಬಂದು ಎದುರೇ ತೆಗೆದುಕೊಳ್ಳಬೇಕೆಂಬ ನಿಯಮವಿರುವಲ್ಲಿ ಕೂಲಿಗೆ ಹೋಗುವವನು ಅರ್ಧ ದಿನದ ಸಂಬಳ ಕಳೆದುಕೊಳ್ಳುತ್ತಾನೆ. ಕೋವಿಡ್ ಕಾಲದಲ್ಲಿ ಹಲವು ದಿನಗಳ ಮಾತ್ರೆ ಮನೆಗೆ ಕೊಡಲು ಅವಕಾಶ ಮಾಡಲಾಗಿತ್ತು. ಸ್ಥಿರವಾಗಿರುವವರಿಗೆ ಆ ಅನುಕೂಲ ಖಾಯಂ ಆಗಿ ಸಿಗಬೇಕು. ಎಲ್ಲಿಗೆ ಹೋಗಬೇಕೆಂದೇ ಗೊತ್ತಿಲ್ಲದವರು ವ್ಯಸನಮುಕ್ತಿ ಸಹಾಯವಾಣಿ 14446 ಅಥವಾ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮನಸ್‌ನ 14416ಕ್ಕೆ ಕರೆಮಾಡಬಹುದು. ಪೊಲೀಸರ ಭಯದಿಂದ ಹಿಂಜರಿಯುವವರಿಗೆ ತಿಳಿದಿರಲಿ: ಮಾದಕ ವಸ್ತು ನಿಯಂತ್ರಣದ ಎನ್‌ಡಿಪಿಎಸ್ ಕಾಯ್ದೆಯ 64ಎ ಕಲಂ, ಅಲ್ಪ ಪ್ರಮಾಣದ ಅಥವಾ ಸ್ವಂತ ಸೇವನೆಯ ಪ್ರಕರಣದಲ್ಲಿ ತಾನಾಗಿ ಚಿಕಿತ್ಸೆಗೆ ಬರುವ ವ್ಯಸನಿಗೆ ಮೊಕದ್ದಮೆಯಿಂದ ರಕ್ಷಣೆ ಕೊಡುತ್ತದೆ. ಚಿಕಿತ್ಸೆ ಪೂರ್ತಿ ಮಾಡದಿದ್ದರೆ ಆ ರಕ್ಷಣೆ ಹಿಂತೆಗೆಯಬಹುದು.

ಇನ್ನು ಮನೆಯವರ ಪ್ರಶ್ನೆ. ‘ಒಂದು ಬಿಡಿಸೋಕೆ ಇನ್ನೊಂದು ಕೊಟ್ರಿ, ಎಷ್ಟು ದಿನ ಇದು?’ ಮಾತ್ರೆ ನಿಲ್ಲಿಸಿದರೆ ಮೈ ತೊಂದರೆ ಕೊಡುತ್ತದೆ, ನಿಜ. ಆದರೆ ಅವನು ಸಾಲ ಮಾಡುತ್ತಿದ್ದಾನೆಯೇ, ಕೆಲಸಕ್ಕೆ ಹೋಗುತ್ತಿದ್ದಾನೆಯೇ, ಮಗಳ ಸ್ಕೂಲ್ ಫೀಸ್ ಕಟ್ಟಿದನೇ ಎಂದು ನೋಡಿ. ಚಟ ಎಂದು ಮನೆಯವರು ಅತ್ತಿದ್ದು ಯಾವುದಕ್ಕೋ ಅದೆಲ್ಲ ನಿಂತಿರುತ್ತದೆ. ಅನೇಕ ದೇಶಗಳ ಅಧ್ಯಯನಗಳನ್ನು ಕೂಡಿಸಿ ನೋಡಿದಾಗ, ಬುಪ್ರೆನಾರ್ಫಿನ್ ಚಿಕಿತ್ಸೆಯಲ್ಲಿರುವ 1000 ಜನರಲ್ಲಿ ವರ್ಷಕ್ಕೆ ಸುಮಾರು 4 ಸಾವು, ಚಿಕಿತ್ಸೆ ಬಿಟ್ಟ ಅವಧಿಯಲ್ಲಿ 9ಕ್ಕೂ ಹೆಚ್ಚು. ವಿಶ್ವ ಆರೋಗ್ಯ ಸಂಸ್ಥೆ 2005ರಲ್ಲೇ ಇದನ್ನು ಅಗತ್ಯ ಔಷಧಗಳ ಪಟ್ಟಿಗೆ ಸೇರಿಸಿತು. ಹಾಗಾಗಿ ಮದುವೆಯಾಯಿತು, ಕೆಲಸ ಸಿಕ್ಕಿತು, ಇನ್ನೇಕೆ ಮಾತ್ರೆ ಎಂಬ ಒತ್ತಾಯಕ್ಕೆ ನಿಲ್ಲಿಸುವುದು ಬೇಡ. ಗಂಡನ ಊಟದಲ್ಲಿ ಗುಟ್ಟಾಗಿ, ಓಪಿಯಾಯ್ಡ್ ಪರಿಣಾಮ ತಡೆಯುವ ನಾಲ್ಟ್ರೆಕ್ಸೋನ್ ಮಾತ್ರೆ ಬೆರೆಸುವ ಆಲೋಚನೆಯಂತೂ ಬೇಡವೇ ಬೇಡ. ಓಪಿಯಾಯ್ಡ್ ಮೈಯಲ್ಲಿರುವಾಗ ಅದು ಅತಿ ತೀವ್ರ ಹಿಂತೆಗೆತ ತಂದು ಐಸಿಯು ಸೇರಿಸೀತು.

ರೋಗಿಗೇ ನಿಲ್ಲಿಸುವ ಮನಸ್ಸಾದರೆ, ಕನಿಷ್ಠ ಒಂದೆರಡು ವರ್ಷ ಸ್ಥಿರವಾಗಿದ್ದ ಮೇಲೆ ಇಳಿಸಬಹುದು. 8ರಿಂದ 6, 6ರಿಂದ 4, 4ರಿಂದ 2, ಪ್ರತಿ ಮೆಟ್ಟಿಲಿಗೂ ಎರಡರಿಂದ ನಾಲ್ಕು ವಾರ. 2ರವರೆಗೆ ಸಲೀಸಾಗಿ ಬಂದವರು ಅಲ್ಲಿಂದ ನೇರ ಸೊನ್ನೆಗೆ ಹಾರಿ ಬೀಳುತ್ತಾರೆ. ಕಡಿಮೆ ಡೋಸ್‌ನಲ್ಲಿ ಸಣ್ಣ ಇಳಿಕೆಗೂ ಗ್ರಾಹಕಗಳು ಬಹಳಷ್ಟು ಖಾಲಿಯಾಗುತ್ತವೆ. ಅದಕ್ಕೇ 0.4 ಮಿಲಿಗ್ರಾಂ ಮಾತ್ರೆಗಳಿರುವುದು: 1.6, 1.2, 0.8, 0.4 ಎಂದು ಇಳಿಯಬೇಕು. ನಡುವೆ ನಿದ್ದೆ ಕೆಟ್ಟರೆ, ಆಸೆ ಮರಳಿದರೆ ಹಿಂದಿನ ಮೆಟ್ಟಿಲಿಗೆ ಹೋಗಿ ನಿಲ್ಲುವುದರಲ್ಲಿ ಸೋಲೇನಿಲ್ಲ.

ನಿಲ್ಲಿಸಿದ ಮೊದಲ ನಾಲ್ಕು ವಾರ ಅತ್ಯಂತ ಅಪಾಯದ ಕಾಲ. ಜೈಲಿನಿಂದ, ಡಿ-ಅಡಿಕ್ಷನ್ ಸೆಂಟರಿನಿಂದ ಹೊರಬಂದವರಿಗೂ ಇದೇ ಮಾತು. ತಡೆದುಕೊಳ್ಳುವ ಶಕ್ತಿ ಇಳಿದಿರುತ್ತದೆ, ಕೈ ಮಾತ್ರ ಹಳೆಯ ಪ್ರಮಾಣವನ್ನೇ ಅಳೆಯುತ್ತದೆ. ಆದ್ದರಿಂದ ಮನೆಯಲ್ಲಿ ಒಬ್ಬರಿಗಾದರೂ ಓವರ್‌ಡೋಸ್‌ನ ಗುರುತು ಗೊತ್ತಿರಬೇಕು: ಸೂಜಿಮೊನೆಯಷ್ಟು ಸಣ್ಣಗಾದ ಪಾಪೆ, ನೀಲಿಯಾದ ತುಟಿ, ಗೊರಗೊರ ಸದ್ದು, ಅಲುಗಾಡಿಸಿದರೂ ಏಳದಿರುವುದು. ಉಪ್ಪುನೀರು ಕುಡಿಸುವುದು, ತಲೆಗೆ ನೀರು ಸುರಿಯುವುದರಲ್ಲಿ ಹೊತ್ತು ಕಳೆಯದೆ 108ಕ್ಕೆ ಕರೆಮಾಡಿ ಏನು ತೆಗೆದುಕೊಂಡಿದ್ದಾನೆಂದು ನೇರವಾಗಿ ಹೇಳಬೇಕು. ಉಸಿರಿದ್ದರೆ ಪಕ್ಕಕ್ಕೆ ಮಲಗಿಸಬೇಕು, ಇಲ್ಲದಿದ್ದರೆ ಬಾಯಿಗೆ ಬಾಯಿಟ್ಟು ಐದು ಸೆಕೆಂಡಿಗೊಮ್ಮೆ ಉಸಿರು ಕೊಡಬೇಕು. ನಾಡಿಯೂ ಸಿಗದಿದ್ದರೆ ಎದೆ ಒತ್ತಲು ಶುರುಮಾಡಬೇಕು. ಆಸ್ಪತ್ರೆಯಲ್ಲಿ ನಾಲೊಕ್ಸೋನ್ ಚುಚ್ಚುಮದ್ದಿಗೆ ಎಚ್ಚರವಾದರೂ ಅದರ ಪ್ರಭಾವ 30ರಿಂದ 90 ನಿಮಿಷವಷ್ಟೇ, ಒಳಗಿರುವ ಓಪಿಯಾಯ್ಡ್ ಅದಕ್ಕಿಂತ ಹೆಚ್ಚು ಹೊತ್ತು ಇರಬಹುದು. ಎಚ್ಚರವಾದ ಕೂಡಲೇ ಸಹಿ ಹಾಕಿ ಕರೆದುಕೊಂಡು ಹೋಗದೆ ಕೆಲವು ಗಂಟೆ ಅಲ್ಲೇ ಇರಿಸಿಕೊಳ್ಳಿ. ಆ ಹೊತ್ತಿನಲ್ಲೇ ಬುಪ್ರೆನಾರ್ಫಿನ್ ಮತ್ತೆ ಶುರುಮಾಡುವ ಬಗ್ಗೆ ವೈದ್ಯರನ್ನು ಕೇಳಿ.