ನಿಘಂಟಿನಲ್ಲಿ ಪದದ ಪಕ್ಕ ಇರುವ ಆ ಗುರುತುಗಳು ಏನು ಹೇಳುತ್ತವೆ?

ಪ್ರಶ್ನೆ: ಇಂಗ್ಲಿಷ್ ನಿಘಂಟಿನಲ್ಲಿ ಪದದ ಪಕ್ಕ, ಓರೆಗೆರೆಗಳ ನಡುವೆ ತಲೆಕೆಳಗಾದ ಅಕ್ಷರ, ಗೀಟು, ಚುಕ್ಕೆ ಎಲ್ಲ ಇರುತ್ತವಲ್ಲ, ಅವನ್ನು ಓದುವುದು ಹೇಗೆ? ಎಲ್ಲವನ್ನೂ ಕಲಿಯಲೇಬೇಕೆ?

ಉತ್ತರ: ಒಮ್ಮೆಗೇ ಎಲ್ಲ ಬೇಡ. ಮೇಲುಗಡೆ ನೆಟ್ಟಗೆ ನಿಂತಿರುವ ಪುಟ್ಟ ಗೀಟಿನಿಂದ ಶುರು ಮಾಡಿ.

ಇಂಗ್ಲಿಷಿಗಿರುವುದು 26 ಅಕ್ಷರ, ಬ್ರಿಟಿಷ್ ಉಚ್ಚಾರಣೆಯಲ್ಲಿ ಸಾಮಾನ್ಯವಾಗಿ ಎಣಿಸುವ ಧ್ವನಿಗಳು 44. ‘ಕಟ್’, ‘ಪುಟ್’ ಎರಡರಲ್ಲೂ ಬರೆಯುವುದು ಒಂದೇ ‘ಯು’. ಈ ತೊಡಕಿಗೆ ಪರಿಹಾರವಾಗಿ ಬಂದದ್ದು ಅಂತರರಾಷ್ಟ್ರೀಯ ಧ್ವನಿಲಿಪಿ, ಅಂದರೆ ಐಪಿಎ. 1886ರಲ್ಲಿ ಪ್ಯಾರಿಸ್ಸಿನಲ್ಲಿ ಪಾಲ್ ಪಾಸಿ ಮತ್ತಿತರ ಭಾಷಾ ಶಿಕ್ಷಕರು ಕಟ್ಟಿದ ಸಂಘದ ಕೊಡುಗೆ ಅದು. ಆಕ್ಸ್‌ಫರ್ಡ್, ಕೇಂಬ್ರಿಜ್‌ ಕಲಿಕಾ ನಿಘಂಟುಗಳಲ್ಲಿ ಇರುವುದು ಇದೇ. ಅಮೆರಿಕದ ಮೆರಿಯಂ-ವೆಬ್‌ಸ್ಟರ್ ತನ್ನದೇ ಗುರುತುಗಳನ್ನು ಬಳಸುತ್ತದೆ. ಎರಡನ್ನೂ ಬೆರೆಸಬೇಡಿ.

ಈಗ ಗೀಟಿನ ವಿಷಯ. ಅದರ ನಂತರ ಬರುವ ಭಾಗವನ್ನು ಒತ್ತಿ ಹೇಳಬೇಕು. ‘ಫೋಟೋಗ್ರಾಫ್’ನಲ್ಲಿ ಗೀಟು ಎಲ್ಲಕ್ಕಿಂತ ಮೊದಲು, ‘ಫೋ’ಗೆ ಒತ್ತು. ‘ಫೋಟೋಗ್ರಫಿ’ಯಲ್ಲಿ ಅದು ಎರಡನೆಯ ಭಾಗಕ್ಕೆ ಸರಿಯುತ್ತದೆ. ಒತ್ತು ಸರಿದದ್ದೇ ತಡ, ಸ್ವರಗಳೇ ಬದಲಾಗುತ್ತವೆ: ‘ಫೋ’ ಕುಗ್ಗಿ ‘ಫ’ ಆಗುತ್ತದೆ, ‘ಟೋ’ ಬಾಯಿ ತೆರೆದು ‘ಟಾ’ಗೆ ಹತ್ತಿರವಾಗುತ್ತದೆ. ಕುಗ್ಗಿದ ಆ ಸ್ವರದ ಗುರುತೇ ತಲೆಕೆಳಗಾದ ‘ಇ’. ಹೆಸರು ಶ್ವಾ. ಇಂಗ್ಲಿಷ್ ಮಾತಿನಲ್ಲಿ ಅತಿ ಹೆಚ್ಚು ಕೇಳಿಬರುವ ಸ್ವರ ಅದು. ನಾವೋ ಎರಡೂ ಪದಗಳಲ್ಲಿ ‘ಫೋಟೋ’ ಎಂದೇ ಬಿಡುತ್ತೇವೆ. ಕನ್ನಡದಲ್ಲಿ ಒತ್ತು ಬದಲಾದರೆ ಪದ ಬದಲಾಗುವುದಿಲ್ಲ, ಲಿಪಿಯಲ್ಲಿ ಅದಕ್ಕೆ ಗುರುತೂ ಇಲ್ಲ. ಹಾಗಾಗಿ ಗೀಟು ನಮ್ಮ ಕಣ್ಣಿಗೇ ಬೀಳುವುದಿಲ್ಲ. ಇಂಗ್ಲಿಷಿನಲ್ಲಿ ‘ರೆಕಾರ್ಡ್’ ಪದದ ಮೊದಲ ಭಾಗಕ್ಕೆ ಒತ್ತಿದ್ದರೆ ನಾಮಪದ, ‘ಕಾ’ಗೆ ಒತ್ತಿದ್ದರೆ ಕ್ರಿಯಾಪದ!

ಉಳಿದವು ಇಷ್ಟು ಕಷ್ಟವಲ್ಲ. ಜೋಡಿಚುಕ್ಕೆ ನಮ್ಮ ವಿಸರ್ಗದಂತೆ ಕಂಡರೂ ಅದು ದೀರ್ಘದ ಗುರುತು. ಕೆಳಗಡೆ ಇರುವ ಗೀಟು ಹಗುರ ಒತ್ತು.

ಕೆಲವು ಇಂಗ್ಲಿಷ್-ಕನ್ನಡ ನಿಘಂಟುಗಳು ಉಚ್ಚಾರಣೆಯನ್ನು ಕನ್ನಡ ಲಿಪಿಯಲ್ಲೇ ಕೊಡುತ್ತವೆ. ಉಪಕಾರವೇ, ಆದರೆ ಬನಿಯನ್ ಎಂಬರ್ಥದ ‘ವೆಸ್ಟ್’, ಪಶ್ಚಿಮ ಎಂಬರ್ಥದ ‘ವೆಸ್ಟ್’ ಅಲ್ಲಿ ಒಂದೇ ಆಗಿಬಿಡುತ್ತವೆ. ಮೊದಲನೆಯದಕ್ಕೆ ಮೇಲಿನ ಹಲ್ಲು ಕೆಳತುಟಿಗೆ ತಾಗಬೇಕು, ಎರಡನೆಯದಕ್ಕೆ ತುಟಿ ದುಂಡಗಾಗಬೇಕು. ಐಪಿಎಯಲ್ಲಿ ಎರಡಕ್ಕೂ ಬೇರೆ ಬೇರೆ ಗುರುತಿದೆ.

ಮೊಬೈಲ್ ನಿಘಂಟಿನಲ್ಲಿ ಸ್ಪೀಕರ್ ಗುರುತು ಒತ್ತುವ ಮುನ್ನ ಗೀಟು ನೋಡಿ ನೀವೇ ಒಮ್ಮೆ ಹೇಳಿ, ಆಮೇಲೆ ಕೇಳಿಸಿಕೊಳ್ಳಿ. ‘ಡೆವಲಪ್’ನಿಂದಲೇ ಶುರು ಮಾಡಬಹುದು: ಗೀಟು ಇರುವುದು ‘ವೆ’ ಭಾಗದ ಮೊದಲು, ಕೊನೆಯ ಸ್ವರ ಶ್ವಾ.