ಓದುಗರ ಪ್ರಶ್ನೆ: ಮಾಸೆರಾಟಿ ಕ್ವಾಟ್ರೊಪೋರ್ಟೆ ಒಳಗಿರುವುದು ಫೆರಾರಿ ಎಂಜಿನ್ ಅಂತೆ, ನಿಜವಾ?

ಕೆಲವದರಲ್ಲಿ ನಿಜ, ಎಲ್ಲದರಲ್ಲೂ ಅಲ್ಲ. ಕ್ವಾಟ್ರೊಪೋರ್ಟೆ ಅಂದರೆ ಇಟಲಿಯ ಮಾಸೆರಾಟಿ ಕಂಪನಿಯ ನಾಲ್ಕು ಬಾಗಿಲಿನ ಲಕ್ಷುರಿ ಕಾರು. ಯಾವ ವರ್ಷದ ಕಾರು, ಪೆಟ್ರೋಲೋ ಡೀಸೆಲೋ ಅಂತ ಮೊದಲು ಕೇಳಬೇಕು.

1963ರಲ್ಲಿ ಮೊದಲ ಕ್ವಾಟ್ರೊಪೋರ್ಟೆ ಬಂದಾಗ ಮಾಸೆರಾಟಿ ಮತ್ತು ಫೆರಾರಿ ಪಕ್ಕಾ ಎದುರಾಳಿಗಳು. ಒಬ್ಬರು ಮೊಡೆನಾದಲ್ಲಿ, ಇನ್ನೊಬ್ಬರು ಹತ್ತಿರದ ಮರನೆಲ್ಲೊದಲ್ಲಿ. ಆ ಕಾರಿನ 4.1 ಲೀಟರ್ ವಿ8 (ವಿ ಆಕಾರದಲ್ಲಿ ಎಂಟು ಸಿಲಿಂಡರ್ ಇರುವ ಎಂಜಿನ್) ಮಾಸೆರಾಟಿಯ ಸ್ವಂತದ್ದು, 450ಎಸ್ ರೇಸ್ ಕಾರಿನ ಎಂಜಿನ್ನಿನಿಂದ ಬೆಳೆದದ್ದು. ಮನೆಮಂದಿ ಆರಾಮಾಗಿ ಕೂತು ಗಂಟೆಗೆ 230 ಕಿ.ಮೀ. ವೇಗದಲ್ಲಿ ಹೋಗಬಹುದಾದ ಕಾರು ಆಗ ಬಲು ಅಪರೂಪ. ಇಟಲಿಯ ಅಧ್ಯಕ್ಷರಾಗಿದ್ದ ಸಾಂಡ್ರೊ ಪೆರ್ಟಿನಿ ಓಡಾಡುತ್ತಿದ್ದದ್ದು ಮೂರನೇ ತಲೆಮಾರಿನ ಕ್ವಾಟ್ರೊಪೋರ್ಟೆಯಲ್ಲಿ. ಅವರು ಅದರಲ್ಲೇ ಮರನೆಲ್ಲೊಗೆ ಹೋದಾಗ ಫೆರಾರಿ ಕಂಪನಿಯ ಸ್ಥಾಪಕ ಎಂಜೊ ಫೆರಾರಿ ಆ ಕಾರಿನ ಹತ್ತಿರಕ್ಕೂ ಬರಲಿಲ್ಲ ಎಂಬ ಕಥೆಯಿದೆ.

ಹಗೆ ಮುಗಿದದ್ದು ದುಡ್ಡಿನ ಲೆಕ್ಕದಲ್ಲಿ. 1993ರಲ್ಲಿ ಮಾಸೆರಾಟಿ ಪೂರ್ತಿಯಾಗಿ ಫಿಯೆಟ್ ಕೈಗೆ ಬಂತು. 1997ರಲ್ಲಿ ಫಿಯೆಟ್ ಅದರ ಅರ್ಧ ಪಾಲನ್ನು ಫೆರಾರಿಗೆ ಕೊಟ್ಟಿತು, ಎರಡು ವರ್ಷದಲ್ಲಿ ಉಳಿದದ್ದನ್ನೂ. ಹಾಗಾಗಿ 2003ರಲ್ಲಿ ಪಿನಿನ್‌ಫರೀನಾ ಎಂಬ ಇಟಲಿಯ ವಿನ್ಯಾಸ ಸಂಸ್ಥೆ ರೂಪ ಕೊಟ್ಟ ಐದನೇ ತಲೆಮಾರಿನ ಕಾರಿಗೆ ಮರನೆಲ್ಲೊದಿಂದಲೇ 4.2 ಲೀಟರ್ ವಿ8 ಬಂತು. ನನ್ನ ಕಣ್ಣಿಗೆ ಇದೇ ಎಲ್ಲಕ್ಕಿಂತ ಚೆಂದದ ಕ್ವಾಟ್ರೊಪೋರ್ಟೆ. ಆದರೆ ಶುರುವಿನ ಕಾರುಗಳ ಡ್ಯುಯೊಸೆಲೆಕ್ಟ್ ಗೇರ್‌ಬಾಕ್ಸ್ (ಕ್ಲಚ್ ಪೆಡಲ್ ಇಲ್ಲದೆ, ಯಂತ್ರವೇ ಕ್ಲಚ್ ಒತ್ತಿ ಗೇರ್ ಬದಲಿಸುವಂಥದ್ದು) ಟ್ರಾಫಿಕ್‌ನಲ್ಲಿ ಜರ್ಕ್ ಹೊಡೆಯುತ್ತಿತ್ತು. 2007ರಲ್ಲಿ ಆರು ಗೇರಿನ ಆಟೊಮ್ಯಾಟಿಕ್ ಬಂದ ಮೇಲೇ ಅದು ನಿಜವಾದ ಲಕ್ಷುರಿ ಕಾರಾಯಿತು.

2013ರ ಆರನೇ ತಲೆಮಾರು ಇನ್ನೂ ದೊಡ್ಡದು, 5.26 ಮೀಟರ್ ಉದ್ದ. ಜಿಟಿಎಸ್ ಮಾದರಿಯಲ್ಲಿ 3.8 ಲೀಟರ್ ಟ್ವಿನ್ ಟರ್ಬೊ ವಿ8, 530 ಅಶ್ವಶಕ್ತಿ, ಗಂಟೆಗೆ 307 ಕಿ.ಮೀ. ಪೆಟ್ರೋಲ್ ವಿ6 ಕೂಡ ಮರನೆಲ್ಲೊದಲ್ಲೇ ಜೋಡಣೆ.

ಹಾಗಾದರೆ ಫೆರಾರಿ ಸ್ಪೋರ್ಟ್ಸ್ ಕಾರಿನ ಎಂಜಿನ್ನನ್ನೇ ಎತ್ತಿ ಇಲ್ಲಿ ಇಟ್ಟಿದ್ದಾರಾ? ಇಲ್ಲ. ವ್ಯತ್ಯಾಸ ಕ್ರ್ಯಾಂಕ್‌ಶಾಫ್ಟ್‌ನಲ್ಲಿದೆ, ಅಂದರೆ ಪಿಸ್ಟನ್‌ಗಳ ಮೇಲೆ-ಕೆಳಗಿನ ಓಟವನ್ನು ತಿರುಗಾಟವಾಗಿಸುವ ದಂಡದಲ್ಲಿ. ಫೆರಾರಿ ವಿ8ಗಳಲ್ಲಿ ಕ್ರ್ಯಾಂಕ್‌ಪಿನ್‌ಗಳು (ಪಿಸ್ಟನ್ ರಾಡ್‌ಗಳು ಆ ದಂಡಕ್ಕೆ ಸೇರುವ ಜಾಗಗಳು) ಒಂದೇ ಸಮತಲದಲ್ಲಿರುತ್ತವೆ. ಎಂಜಿನ್ ಚುರುಕಾಗಿ ಮೇಲೇರುತ್ತದೆ, ಕಿರುಚುತ್ತದೆ, ಜೊತೆಗೆ ಒಂದಿಷ್ಟು ನಡುಕ. ಮಾಸೆರಾಟಿ ವಿ8ಗಳಲ್ಲಿ ಅವು 90 ಡಿಗ್ರಿ ಅಂತರದಲ್ಲಿ, ಅಡ್ಡಡ್ಡ ಕೂತಿರುತ್ತವೆ. ನಡುಕ ಕಡಿಮೆ, ಸದ್ದು ಗಡುಸು. ಹಿಂದಿನ ಸೀಟಿನಲ್ಲಿ ಕೂತು ಪೇಪರ್ ಓದುವವರಿಗೆ ಇದೇ ಸರಿ, ಅಲ್ವಾ? ಇನ್ನೊಂದು ವಿಷಯ: ಆ 3.8 ಲೀಟರ್ ಎಂಜಿನ್ ಮೊದಲು ಬಂದದ್ದು ಕ್ವಾಟ್ರೊಪೋರ್ಟೆಯಲ್ಲಿ. ಅದೇ ಕುಟುಂಬದ ಎಂಜಿನ್ ಫೆರಾರಿ ಕ್ಯಾಲಿಫೋರ್ನಿಯಾ ಟಿ ಕಾರಿಗೆ ಸಿಕ್ಕಿದ್ದು 2014ರಲ್ಲಿ.

ಇನ್ನು ಡೀಸೆಲ್. 2015ರಲ್ಲಿ ಮಾಸೆರಾಟಿ ಭಾರತಕ್ಕೆ ಮರಳಿದಾಗ ಇಲ್ಲಿ ಡೀಸೆಲ್ ಕ್ವಾಟ್ರೊಪೋರ್ಟೆಯೂ ಮಾರಾಟವಾಯಿತು. ಅದರ 3.0 ಲೀಟರ್ ವಿ6 ವಿಎಂ ಮೊಟೊರಿ ಕಂಪನಿಯದು, ಫೆರಾರಿಗೂ ಅದಕ್ಕೂ ಸಂಬಂಧವಿಲ್ಲ. ಡೀಸೆಲ್ ಸದ್ದಿಗೆ ಗತ್ತು ಬರಲಿ ಅಂತ ಸೈಲೆನ್ಸರ್ ಕೊಳವೆಯ ಹತ್ತಿರ ಸದ್ದು ಹೊರಡಿಸುವ ಸಾಧನಗಳನ್ನೇ ಇಟ್ಟಿದ್ದರು! ಹಾಗಾಗಿ ಸೆಕೆಂಡ್ ಹ್ಯಾಂಡ್ ಮಾರುವವರು ‘ಸರ್, ಫೆರಾರಿ ಎಂಜಿನ್’ ಅಂದರೆ ಸುಮ್ನೆ ತಲೆ ಆಡಿಸಬೇಡಿ, ಆರ್‌ಸಿಯಲ್ಲಿ ಇಂಧನ ಯಾವುದು ನೋಡಿ.

2020ರಲ್ಲಿ 580 ಅಶ್ವಶಕ್ತಿಯ ಟ್ರೊಫಿಯೊ ಬಂತು. ಫೆರಾರಿಯ ವಿ8 ಹೊತ್ತ ಕೊನೆಯ ಕ್ವಾಟ್ರೊಪೋರ್ಟೆ ಅದೇ. ಮಾಸೆರಾಟಿಗೆ ಎಂಜಿನ್ ಪೂರೈಸುವುದನ್ನು ನಿಲ್ಲಿಸುವುದಾಗಿ ಫೆರಾರಿ 2019ರಲ್ಲೇ ಹೇಳಿತ್ತು. ಮಾಸೆರಾಟಿ ಮೊಡೆನಾದಲ್ಲಿ ನೆಟ್ಟುನೊ ಎಂಬ ತನ್ನದೇ ವಿ6 ತಯಾರಿಸಿ, 2020ರಲ್ಲೇ ಎಂಸಿ20 ಸ್ಪೋರ್ಟ್ಸ್ ಕಾರಿಗೆ ಹಾಕಿತು.