ಪಟ್ಟಿಯಲ್ಲಿ ಮೊದಲಿದ್ದವರಿಗೇ ಕಪ್ ಒಲಿದ ವರ್ಷ

2019ರ ಮಾರ್ಚ್ 17ರಂದು ಮುಂಬೈನ ಅಂಧೇರಿಯಲ್ಲಿ ನಡೆದ ಫೈನಲ್‌ನಲ್ಲಿ ಎಫ್‌ಸಿ ಗೋವಾವನ್ನು 1-0ಯಿಂದ ಮಣಿಸಿದ ಬೆಂಗಳೂರು ಎಫ್‌ಸಿ, ಇಂಡಿಯನ್ ಸೂಪರ್ ಲೀಗ್ ಫುಟ್‌ಬಾಲ್‌ನ ಅಂಕಪಟ್ಟಿಯಲ್ಲಿ ಅಗ್ರಸ್ಥಾನ ಪಡೆದು ಕಪ್ಪನ್ನೂ ಗೆದ್ದ ಮೊದಲ ತಂಡವೆನಿಸಿತು. ಟೂರ್ನಿಯ ಐದನೇ ಆವೃತ್ತಿಯವರೆಗೂ ಇದು ಏಕೆ ಸಾಧ್ಯವಾಗಿರಲಿಲ್ಲ ಎಂಬುದಕ್ಕೆ ಉತ್ತರ ಸಿಗಬೇಕಾದರೆ ಸ್ವಲ್ಪ ಹಿಂದಕ್ಕೆ ಹೋಗಬೇಕು.

ಕಾರ್ಖಾನೆ ತಂಡಗಳ ಕಾಲದಲ್ಲಿ ರಾಜ್ಯ ತಂಡಗಳ ನಡುವಿನ ಸಂತೋಷ್ ಟ್ರೋಫಿಯನ್ನು ನಾಲ್ಕು ಬಾರಿ ಗೆದ್ದ ಕರ್ನಾಟಕವು ದಶಕಗಳ ಕಾಲ ಹಿನ್ನೆಲೆಗೆ ಸರಿದಿದ್ದಾಗ, 2013ರಲ್ಲಿ ಬೆಂಗಳೂರು ಎಫ್‌ಸಿ ಹುಟ್ಟಿತು. ಆಶ್ಲಿ ವೆಸ್ಟ್‌ವುಡ್ ತರಬೇತಿಯಲ್ಲಿ ಮೊದಲ ಪ್ರಯತ್ನದಲ್ಲೇ ಅಂದಿನ ರಾಷ್ಟ್ರೀಯ ಕ್ಲಬ್ ಲೀಗ್ ಆಗಿದ್ದ ಐ-ಲೀಗ್ ಗೆದ್ದಿತು. ಅಲ್ಲಿ ಲೆಕ್ಕ ಸರಳವಾಗಿತ್ತು: ಕೊನೆಯಲ್ಲಿ ಹೆಚ್ಚು ಅಂಕ ಯಾರದೋ ಅವರೇ ಚಾಂಪಿಯನ್. 2015ರ ಮೇ 31ರಂದು ಕಂಠೀರವದಲ್ಲಿ ಮೋಹನ್ ಬಾಗನ್ ವಿರುದ್ಧ ಗೆದ್ದರೆ ಪ್ರಶಸ್ತಿ ಉಳಿಯುತ್ತಿತ್ತು. ಆದರೆ 87ನೇ ನಿಮಿಷದಲ್ಲಿ ಬೆಲ್ಲೊ ರಜಾಕ್ ಹೆಡರ್‌ನಲ್ಲಿ ಗಳಿಸಿದ ಗೋಲು ಪಂದ್ಯವನ್ನು 1-1ಕ್ಕೆ ತಂದು, ಪ್ರಶಸ್ತಿಯನ್ನು ಕೋಲ್ಕತ್ತಕ್ಕೆ ಒಯ್ದಿತು. ನೋವಾದರೂ ಅದು ಋತುವಿಡೀ ಕೂಡಿಟ್ಟ ಅಂಕಗಳ ತೀರ್ಪಾಗಿತ್ತು.

2017ರಲ್ಲಿ ಕ್ಲಬ್ಬು ಸೂಪರ್ ಲೀಗ್‌ಗೆ ಸೇರಿದಾಗ ನಿಯಮವೇ ಬೇರೆಯಾಗಿತ್ತು: ಅಂಕಪಟ್ಟಿಯ ಅಗ್ರಸ್ಥಾನಿಯಲ್ಲ, ಫೈನಲ್ ಗೆದ್ದವರೇ ಚಾಂಪಿಯನ್. ಆಲ್ಬರ್ಟ್ ರೋಕಾ ಅವರ ತಂಡ 18 ಪಂದ್ಯಗಳಲ್ಲಿ 40 ಅಂಕ ಗಳಿಸಿ, ಎರಡನೇ ಸ್ಥಾನದ ಚೆನ್ನೈಯಿನ್‌ಗಿಂತ ಎಂಟು ಅಂಕ ಮುಂದಿತ್ತು. ಆದರೆ 2018ರ ಮಾರ್ಚ್ 17ರಂದು ತವರಿನಂಗಳದಲ್ಲೇ ನಡೆದ ಫೈನಲ್‌ನಲ್ಲಿ ಅದೇ ಚೆನ್ನೈಯಿನ್ 3-2ರಿಂದ ಗೆದ್ದು ಚಾಂಪಿಯನ್ ಆಯಿತು. ತಿಂಗಳುಗಟ್ಟಲೆ ಬೆವರು ಸುರಿಸಿ ಗಳಿಸಿದ ಮುನ್ನಡೆ ಒಂದು ಸಂಜೆಯಲ್ಲಿ ಕರಗಿಹೋಗುವುದು ಲೀಗ್ ಎಂಬ ಹೆಸರಿಗೆ ಹೊಂದುತ್ತದೆಯೇ ಎಂಬ ಪ್ರಶ್ನೆ ಅಂದು ಕಂಠೀರವದಿಂದ ಹೊರಬಂದವರನ್ನು ಕಾಡದೆ ಇರಲಿಲ್ಲ.

ರೋಕಾ ನಿರ್ಗಮಿಸಿದ ಮೇಲೆ ಹೊಣೆ ಹೊತ್ತ ಕಾರ್ಲೆಸ್ ಕ್ವಾಡ್ರಾಟ್ ಮುಖ್ಯ ತರಬೇತುದಾರನ ಹುದ್ದೆಗೆ ಹೊಸಬರಾದರೂ ತಂಡಕ್ಕೆ ಹೊಸಬರಲ್ಲ. ರೋಕಾ ಅವರ ಸಹಾಯಕರಾಗಿ ಪ್ರತಿಯೊಬ್ಬ ಆಟಗಾರನ ಬಲಾಬಲವನ್ನೂ ಅರಿತಿದ್ದವರು. ಆರಂಭ ಸುಖಕರವಾಗಿರಲಿಲ್ಲ. 2018ರ ಆಗಸ್ಟ್‌ನಲ್ಲಿ ತುರ್ಕ್‌ಮೆನಿಸ್ತಾನದ ಆಲ್ಟಿನ್ ಅಸಿರ್ ಎದುರು ಸೋತು ತಂಡ ಏಷ್ಯಾದ ಕ್ಲಬ್‌ಗಳ ಟೂರ್ನಿಯಾದ ಎಎಫ್‌ಸಿ ಕಪ್‌ನಿಂದ ಹೊರಬಿತ್ತು. ಆದರೆ ಸೆಪ್ಟೆಂಬರ್ 30ರಂದು ಚೆನ್ನೈಯಿನ್ ವಿರುದ್ಧ ಮಿಕು ಹೊಡೆದ ಒಂದೇ ಗೋಲಿನಿಂದ ಲೀಗ್ ಅಭಿಯಾನ ಶುರುವಾದ ಬಳಿಕ, ಮೊದಲ 11 ಪಂದ್ಯಗಳಲ್ಲಿ ಸೋಲೇ ಇರಲಿಲ್ಲ. ರೋಕಾ ಕಾಲದ ಮೋಹಕ ಪಾಸ್‌ಗಳ ಆಟ ಕಡಿಮೆಯಾಯಿತೆಂದು ಕೊರಗಿದವರಿದ್ದರು. ಹಿಂಬದಿಯನ್ನು ಭದ್ರಪಡಿಸಿಕೊಂಡು, ಕಾರ್ನರ್ ಮತ್ತು ಫ್ರೀ ಕಿಕ್‌ಗಳನ್ನು ಗೋಲಾಗಿಸುವ ಈ ಆಟವೇ ಕೊನೆಗೆ ಕೈಹಿಡಿಯಿತು ಎಂಬುದನ್ನು ಮರೆಯಬಾರದು.

ಲೀಗ್ ಹಂತ ಮುಗಿದಾಗ ಬೆಂಗಳೂರು, ಗೋವಾ ಎರಡಕ್ಕೂ ತಲಾ 34 ಅಂಕ. ಪರಸ್ಪರ ಎರಡೂ ಪಂದ್ಯಗಳನ್ನು ಗೆದ್ದಿದ್ದ ಬೆಂಗಳೂರಿಗೆ ಅಗ್ರಸ್ಥಾನ ಸಂದಿತು. ಎರಡು ಪಂದ್ಯಗಳ ಒಟ್ಟು ಗೋಲುಗಳಿಂದ ನಿರ್ಧಾರವಾಗುವ ಸೆಮಿಫೈನಲ್‌ನ ಮೊದಲ ಪಂದ್ಯವನ್ನು ಗುವಾಹಟಿಯಲ್ಲಿ 2-1ರಿಂದ ಸೋತರೂ, ಕಂಠೀರವದಲ್ಲಿ ಮಿಕು, ಡಿಮಾಸ್ ಡೆಲ್ಗಾಡೊ ಮತ್ತು ಸುನಿಲ್ ಛೆಟ್ರಿ ಕೊನೆಯ ಇಪ್ಪತ್ತು ನಿಮಿಷಗಳಲ್ಲಿ ಮೂರು ಗೋಲು ಹೊಡೆದು ನಾರ್ತ್‌ಈಸ್ಟ್ ಯುನೈಟೆಡ್ ತಂಡವನ್ನು ಹಿಮ್ಮೆಟ್ಟಿಸಿದರು.

ಫೈನಲ್ 90 ನಿಮಿಷಗಳಲ್ಲಿ ಇತ್ಯರ್ಥವಾಗಲಿಲ್ಲ. ಹೆಚ್ಚುವರಿ ಅವಧಿಯಲ್ಲಿ ಅಹ್ಮದ್ ಜಹೌ ಕೆಂಪು ಕಾರ್ಡ್ ಪಡೆದು ಹೊರನಡೆದಿದ್ದರಿಂದ ಗೋವಾ ಹತ್ತು ಮಂದಿಗೆ ಇಳಿದಿತ್ತು. 117ನೇ ನಿಮಿಷದಲ್ಲಿ ಡಿಮಾಸ್ ಕಾರ್ನರ್‌ನಿಂದ ತೂರಿದ ಚೆಂಡಿಗೆ, ಮುಂಬೈಯವರೇ ಆದ ರಾಹುಲ್ ಭೆಕೆ ತಲೆಕೊಟ್ಟರು; ಚೆಂಡು ಬಲೆ ಸೇರಿತು. ಹಿಂದಿನ ವರ್ಷ ಅದೇ ಮಾರ್ಚ್ 17ರಂದು ತಲೆತಗ್ಗಿಸಿ ನಡೆದಿದ್ದ ಛೆಟ್ರಿ ಈ ಬಾರಿ ಕಪ್ ಎತ್ತಿದರು.

ಮುಂದಿನ ಋತುವಿನಿಂದ ಅಂಕಪಟ್ಟಿಯ ಅಗ್ರಸ್ಥಾನಿಗೂ ಪ್ರತ್ಯೇಕ ಶೀಲ್ಡ್ ಕೊಡುವ ಪದ್ಧತಿ ಜಾರಿಗೆ ಬಂತು. ಆ ಮೊದಲ ಶೀಲ್ಡ್ ಗೋವಾದ ಪಾಲಾಯಿತು. 2018ರಲ್ಲಿ ಬೆಂಗಳೂರು ಗಳಿಸಿದ 40 ಅಂಕಗಳಿಗೆ ಮಾತ್ರ ಇಂದಿಗೂ ಯಾವ ಟ್ರೋಫಿಯೂ ಇಲ್ಲ.